ಯಾರೂ ಬೇಡವೆನ್ನಲಿಲ್ಲ

ವೆರ್ಬೋವ್ಕಾ, ಬುಝುಲುಕ್ ಸೀಮೆ, ರಷ್ಯಾ
1921, ಹತ್ತನೇ ತಿಂಗಳು, 30

ಪ್ರೀತಿಯ ಟಬಿತಾ ಅಕ್ಕ,

ರೈಲು ಇಳಿದು ಒಂಟೆ ಕಟ್ಟಿದ ಗಾಡಿಯಲ್ಲಿ ಎರಡು ದಿನ ಮೈ ನುಗ್ಗಾಗಿಸಿಕೊಂಡು ಈ ಊರು ಸೇರಿದೆ. ಒಂಟೆ ಎಂದೆನೆಂದು ನಗಬೇಡ. ಕುದುರೆಗಳನ್ನು ಇವರು ತಿಂದು ಮುಗಿಸಿದ್ದಾರೆ. ಮನೆಗಳ ಮೇಲೆ ಹೊದಿಸಿದ್ದ ಹುಲ್ಲನ್ನು ಅದಕ್ಕೂ ಮೊದಲೇ ಕುದುರೆಗಳು ತಿಂದಿದ್ದವಂತೆ. ಊರಲ್ಲಿ ಒಂದು ನಾಯಿ ಬೊಗಳುವುದಿಲ್ಲ. ಇಲ್ಲಿನ ರೊಟ್ಟಿ ನೋಡಿದೆ. ಕಾಡುಸೊಪ್ಪಿನ ಬೀಜ ಕುಟ್ಟಿ, ಜೇಡಿ ಮಣ್ಣು ಬೆರೆಸಿ ತಟ್ಟಿದ್ದು. ನಮ್ಮ ಬೀಜದಂಗಡಿಯ ಕಸ ಗುಡಿಸಿದರೆ ಇದಕ್ಕಿಂತ ಒಳ್ಳೆಯದು ಸಿಕ್ಕೀತು.

ಶಾಲೆಯ ಕಟ್ಟಡದಲ್ಲೇ ಅಡಿಗೆಮನೆ ತೆರೆದಿದ್ದೇನೆ. ದಿನಕ್ಕೊಂದು ಹೊತ್ತು ಗಂಜಿ, ಒಂದು ತುಂಡು ಬಿಳಿ ರೊಟ್ಟಿ. ಮಕ್ಕಳಿಗೆ ಮಾತ್ರ, ಅದೂ ಅಲ್ಲೇ ಕೂತು ತಿನ್ನಬೇಕು, ಮನೆಗೆ ಒಯ್ಯುವಂತಿಲ್ಲ. ದೊಡ್ಡವರಿಗೆ ಒಂದು ಸೌಟು ಕೊಡಲೂ ನನಗೆ ಅಧಿಕಾರವಿಲ್ಲ. ಊರಿನಲ್ಲಿ ಆರುನೂರು ಮಕ್ಕಳಿದ್ದಾರೆ, ನನ್ನ ಹತ್ತಿರ ಇರುವುದು ಇನ್ನೂರ ನಲವತ್ತು ಮಕ್ಕಳಿಗೆ ಸಾಲುವಷ್ಟು. ಯಾರಿಗೆ ಉಂಟು, ಯಾರಿಗೆ ಇಲ್ಲ ಎಂದು ಪರವೂರಿನವನಾದ ನಾನು ಹೇಗೆ ಹೇಳಲಿ? ಊರ ಮುಖಂಡ ಯೆಫೀಮ್ ಎಂಬವನು ನಾಲ್ಕು ಜನರನ್ನು ಸೇರಿಸಿಕೊಂಡು ಒಂದು ಪಟ್ಟಿ ಮಾಡಿ ತಂದ.

ಆಗ ನಾನು ನಮ್ಮ ಪ್ರಾರ್ಥನಾ ಸಭೆಯ ಪದ್ಧತಿಯನ್ನೇ ಇಲ್ಲಿಗೂ ತಂದೆ. ಊರವರನ್ನೆಲ್ಲ ಶಾಲೆಯಲ್ಲಿ ಕೂರಿಸಿ ಪಟ್ಟಿಯನ್ನು ಕೊನೆಯ ಹೆಸರಿನವರೆಗೂ ಓದಿಸಿದೆ. ಯಾರಿಗಾದರೂ ಬೇಡವೆನ್ನಿಸಿದರೆ ಹೇಳಿ ಎಂದೆ. ಆಮೇಲೆ, ನಮ್ಮ ಥಾರ್ನ್‌ಗಿಲ್ಲಿನ ಸಭೆಯಲ್ಲಿ ಠರಾವು ಓದಿದ ಮೇಲೆ ಕಾಯುತ್ತೇವಲ್ಲ, ಯಾರೂ ಬೇಡವೆನ್ನದಿದ್ದರೆ ಎಲ್ಲರೂ ಒಪ್ಪಿದಂತೆ, ಹಾಗೆಯೇ ಕಣ್ಣು ಮುಚ್ಚಿ ಕಾದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಕಾಲು ಗಂಟೆ ಹಾಗೇ ಕೂತಿದ್ದರು. ಅಂಥ ಮೌನವನ್ನು ನಮ್ಮವರ ನಡುವೆಯೂ ಕಂಡಿಲ್ಲ ಅಕ್ಕ. 'ಎಲ್ಲರೂ ಒಂದೇ ಮನಸ್ಸಿನವರಾಗಿದ್ದಾರೆ, ಯಾರೂ ಬೇಡವೆನ್ನಲಿಲ್ಲ' ಎಂದು ಠರಾವು ಬರೆದೆ.

ಪಟ್ಟಿಯನ್ನು ಓದಿದವಳು ಶಾಲೆಯ ಉಪಾಧ್ಯಾಯಿನಿ, ವಾರ್ವಾರಾ ಲ್ವೋವ್ನಾ. ನನ್ನ ಜೊತೆ ಬಂದ ದುಭಾಷಿ ಜ್ವರ ಹಿಡಿದು ಬುಝುಲುಕ್‌ನಲ್ಲೇ ಮಲಗಿದ್ದಾನೆ, ಅವನ ಬದಲು ಇವಳೇ ನನ್ನ ಬಾಯಿ. ಪುಸ್ತಕ ಓದಿ ಕಲಿತ ಇಂಗ್ಲಿಷು, ಆದರೆ ಚೊಕ್ಕವಾಗಿದೆ. ಗಂಡ ಯುದ್ಧದಲ್ಲಿ ತೀರಿಕೊಂಡ. ಸೆರಗು ಹಿಡಿದುಕೊಂಡು ಎರಡು ಮಕ್ಕಳು, ಒಂದು ಹೆಣ್ಣು, ಒಂದು ಗಂಡು. ಓದಿ ಮುಗಿಸಿ ಪಟ್ಟಿಯನ್ನು ಮಡಿಸಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವಳ ಮನಸ್ಸಿಗೂ ಆ ಮೌನ ನಾಟಿರಬೇಕು.

ಅವಳ ಮನೆಯಲ್ಲಿ ಒಂದು ಕಪಾಟಿನ ತುಂಬ ಪುಸ್ತಕಗಳಿವೆ. ನಿನ್ನ ತಮ್ಮನ ಕೈ ಎಷ್ಟು ತುರಿಸಿತೆಂದು ನಿನಗೆ ಹೇಳಬೇಕಾಗಿಲ್ಲ.

ಕೇಲಬ್

*

ವೆರ್ಬೋವ್ಕಾ
1921, ಹನ್ನೊಂದನೇ ತಿಂಗಳು, 20

ಅಕ್ಕ,

ಈ ಪತ್ರವನ್ನೂ ಒಂದು ಕಟ್ಟನ್ನೂ ಊರಿಗೆ ಮರಳುತ್ತಿರುವ ನಮ್ಮ ತಂಡದ ದಾದಿ ಮಾರ್ಥಾಳ ಕೈಯಲ್ಲಿ ಕೊಟ್ಟಿದ್ದೇನೆ. ಕ್ಷಾಮದ ನಾಡಿನಿಂದ ತಮ್ಮ ಏನು ಕಳಿಸಿಯಾನು ಎಂದು ತಲೆ ಕೆಡಿಸಿಕೊಳ್ಳಬೇಡ, ಪುಸ್ತಕಗಳೇ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನೀನು ಅನ್ನುವುದು ಇಲ್ಲಿಗೇ ಕೇಳಿಸುತ್ತಿದೆ.

ಆದದ್ದು ಹೀಗೆ. ಮೂರು ವಾರದ ಹಿಂದೆ ವಾರ್ವಾರಾ ಒಂದು ಪುಸ್ತಕವನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. ನೂರೈವತ್ತು ವರ್ಷದ್ದು, ಕರುವಿನ ಚರ್ಮದ ರಟ್ಟು, ಹೊಲಿಗೆ ಒಂದೂ ಬಿಟ್ಟಿಲ್ಲ. ಯಾಕೆ ಎಂದು ಕೇಳಿದೆ. "ನಿಮ್ಮ ಹತ್ರ ಇದ್ರೆ ಒಳ್ಳೇದು, ನೀವು ಬಲ್ಲೋರು," ಎಂದಳು. ಬೇಡವೆಂದರೆ ನೊಂದುಕೊಂಡಾಳು ಎಂದು ತೆಗೆದುಕೊಂಡೆ. ಸುಮ್ಮನೆ ತೆಗೆದುಕೊಳ್ಳುವುದು ಹೇಗೆ? ನನ್ನ ಕೋಟಿನ ಜೇಬಿನಲ್ಲಿ ನಮ್ಮ ಅಂಗಡಿಯ ಹೂವಿನ ಬಟಾಣಿಯ ಒಂದು ಪೊಟ್ಟಣವಿತ್ತು, ಅದನ್ನು ಕೊಟ್ಟೆ. ಅವಳು ಅದನ್ನು ಬಿಚ್ಚಿ ಕಾಳುಗಳನ್ನು ಅಂಗೈಗೆ ಸುರಿದುಕೊಂಡು, "ಇದನ್ನ ತಿನ್ನಬಹುದಾ?" ಎಂದಳು. ಅಯ್ಯೋ ಇಲ್ಲ, ವಿಷ, ಹೂವಿಗೆ ಮಾತ್ರ ಎಂದೆ. ಅವಳು ನಕ್ಕಳು. ನಾನೂ ನಕ್ಕೆ. ಇಲ್ಲಿ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಆಮೇಲೆ ವಾರಕ್ಕೊಂದು, ಒಮ್ಮೊಮ್ಮೆ ಎರಡು. ಪುಸ್ತಕ ಇಟ್ಟು ಎದುರಿಗೆ ಕೂರುತ್ತಾಳೆ. ನಾನೂ ಕೂರುತ್ತೇನೆ. ಅರ್ಧ ಗಂಟೆ ಒಂದು ಮಾತಿಲ್ಲ. ಆಮೇಲೆ ಎದ್ದು ಹೋಗುತ್ತಾಳೆ. ಯಾರೂ ಕಲಿಸದೆ ನಮ್ಮ ಪದ್ಧತಿ ಅವಳಿಗೆ ಬಂದಿದೆ. ಈ ಹಿಮದ ಬಯಲಿನಲ್ಲಿ ನನ್ನ ಜೊತೆ ಕೂತು ಧ್ಯಾನ ಮಾಡುವ ಒಂದು ಜೀವ ಸಿಕ್ಕಿತಲ್ಲ ಎಂದು ದೇವರಿಗೆ ಕೈ ಮುಗಿಯುತ್ತೇನೆ. ಅವಳ ಸ್ವಂತ ವಿಷಯ ಕೆದಕಿ ಕೇಳಲು ನಾನು ಹೋಗಿಲ್ಲ. ಹೇಳಬೇಕೆಂದು ಒಳಗಿನಿಂದ ಪ್ರೇರಣೆಯಾದರೆ ಅವಳೇ ಹೇಳುತ್ತಾಳೆ.

ಬಂದ ಐದರಲ್ಲಿ ಎರಡು ಬಹಳ ಅಪರೂಪದವು. ಅವನ್ನು ಇಲ್ಲಿನ ತೇವದಲ್ಲಿ ಇಡಲು ಮನಸ್ಸಿಲ್ಲದೆ ಕಳಿಸಿದ್ದೇನೆ. ಒಂದರ ಹಿಂದಿನ ಖಾಲಿ ಹಾಳೆಯಲ್ಲಿ ಯಾವುದೋ ಮಗು ಪೆನ್ಸಿಲಿನಲ್ಲಿ ಗೀಚಿ ಹಾಳು ಮಾಡಿದೆ. ನಿನಗೆ ಗೊತ್ತಲ್ಲ, ಒಂದು ದಿನ ಹಳೆಯದಾದ ರೊಟ್ಟಿಯ ಮೆತ್ತನೆಯ ತಿರುಳನ್ನು ಉಂಡೆ ಮಾಡಿ ಒತ್ತಿ ಒತ್ತಿ ತೆಗೆ. ಉಜ್ಜಬೇಡ, ಕಾಗದದ ನವಿರು ಏಳುತ್ತದೆ.

ಕೇಲಬ್

*

ಥಾರ್ನ್‌ಗಿಲ್, ಯಾರ್ಕ್‌ಷೈರ್
1921, ಹನ್ನೆರಡನೇ ತಿಂಗಳು, 4

ತಮ್ಮಾ,

ಹತ್ತನೇ ತಿಂಗಳಲ್ಲಿ ಬರೆದ ನಿನ್ನ ಪತ್ರ ನಿನ್ನೆ ಕೈಸೇರಿತು. ಐದು ವಾರ. ನೀನು ಬರೆದ ಒಂಟೆಯೇ ಹೊತ್ತು ತಂದಿತೋ ಏನೋ.

ಪತ್ರವನ್ನು ಈ ದಿನ ಸಭೆಯಲ್ಲಿ ಓದಿದರು. ನಿನ್ನ ಊರವರ ಮೌನದ ಭಾಗ ಬಂದಾಗ ಮುದುಕ ಜೋನಸ್ ಮೂಗು ಒರೆಸಿಕೊಂಡ. ಎಲ್ಲರೂ ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ನನಗೆ ಮಾತ್ರ ಧ್ಯಾನ ಹತ್ತಲಿಲ್ಲ. ಆರುನೂರರಲ್ಲಿ ಇನ್ನೂರ ನಲವತ್ತು ಕಳೆದರೆ ಎಷ್ಟು ಎಂದು ತಲೆ ಲೆಕ್ಕ ಹಾಕುತ್ತಲೇ ಇತ್ತು. ಅಂಗಡಿಯವಳ ಬುದ್ಧಿ. ಉಳಿದ ಮಕ್ಕಳ ತಾಯಂದಿರೂ ಆ ಸಭೆಯಲ್ಲಿ ಕೂತಿದ್ದರಲ್ಲವೇ? ಅವರೂ ಸುಮ್ಮನಿದ್ದರೇ? ಮೌನವೇ ಸಮ್ಮತಿ ಎನ್ನುವುದು ಮದುವೆಯ ಹೆಣ್ಣಿಗೆ ಸರಿ, ಹಸಿದ ಮಗುವಿನ ತಾಯಿಗೂ ಸರಿಯೋ ಇಲ್ಲವೋ ನನಗೆ ತಿಳಿಯದು.

ಇರಲಿ, ದೂರದಲ್ಲಿ ಕೂತು ಬುದ್ಧಿ ಹೇಳುವುದು ಸುಲಭ. ಇಲ್ಲಿ ಎಲ್ಲ ಕ್ಷೇಮ. ನನ್ನ ಮಂಡಿ ಯಾವತ್ತಿನಂತೆ. ಬೀಜದ ಮೂಟೆ ಎತ್ತಲು ಸಭೆಯೇ ಒಬ್ಬನನ್ನು ಗೊತ್ತು ಮಾಡುತ್ತೇವೆಂದಿತ್ತು, ಅವನಿನ್ನೂ ಬಂದಿಲ್ಲ. ನಿನ್ನ ಮುನ್ನೂರ ಹನ್ನೆರಡು ಪುಸ್ತಕಗಳೂ ಕ್ಷೇಮ. ನಮ್ಮ ಪಂಥಕ್ಕಾಗಿ ಜೈಲಿನಲ್ಲಿ ಕೂತು ನಮ್ಮ ಹಿರಿಯರು ಬರೆದ ಆ ಸಣ್ಣ ಸಣ್ಣ ಹೊತ್ತಿಗೆಗಳ ಧೂಳು ಒರೆಸುವಾಗ, ಇವರು ಇಷ್ಟೊಂದು ಬರೆಯದೆ ಇದ್ದಿದ್ದರೆ ನನಗೆ ಇಷ್ಟು ಕೆಲಸವಿರುತ್ತಿರಲಿಲ್ಲ ಎಂದುಕೊಳ್ಳುತ್ತೇನೆ.

ಉಣ್ಣೆಯ ಕಾಲುಚೀಲ ಹಾಕಿಕೋ.

ಟಬಿತಾ

*

ವೆರ್ಬೋವ್ಕಾ
1921, ಹನ್ನೆರಡನೇ ತಿಂಗಳು, 18

ಅಕ್ಕ,

ಚಳಿ ಎಷ್ಟೆಂದರೆ ಶಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕರಗಿಸಿ ಬರೆಯುತ್ತಿದ್ದೇನೆ. ನೆಲ ಕಲ್ಲಾಗಿದೆ, ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಸತ್ತವರನ್ನು ಕೊಟ್ಟಿಗೆಗಳಲ್ಲಿ ಸಾಲಾಗಿ ಮಲಗಿಸಿದ್ದಾರೆ, ವಸಂತ ಬಂದ ಮೇಲೆ ಮಣ್ಣು.

ಆದರೂ ಇನ್ನೂರ ನಲವತ್ತು ಬಟ್ಟಲು ದಿನವೂ ತುಂಬುತ್ತವೆ. ನನ್ನ ಕಣ್ಣನ್ನು ಆ ಬಟ್ಟಲುಗಳ ಮೇಲೇ ಇಡಲು ನೋಡುತ್ತೇನೆ.

ವಾರ್ವಾರಾ ಏಳನೆಯ ಪುಸ್ತಕ ತಂದಿಟ್ಟಳು. ಆವತ್ತು ಬಹಳ ಹೊತ್ತು ಕೂತಿದ್ದಳು. ಎದ್ದು ಬಾಗಿಲವರೆಗೆ ಹೋಗಿ, ತಿರುಗಿ ನೋಡಿ, ಏನೋ ಹೇಳುವವಳಂತೆ ಬಾಯಿ ತೆರೆದು ಹಾಗೇ ಹೊರಟುಹೋದಳು. ಆಮೇಲೆ ಹತ್ತು ದಿನವಾಯಿತು, ಬಂದಿಲ್ಲ. ನನ್ನಿಂದ ಏನಾದರೂ ತಪ್ಪಾಯಿತೇ ಎಂದು ಯೋಚಿಸುತ್ತೇನೆ. ನಾನು ಎಲ್ಲರಿಗೂ ನಮ್ಮ ರೂಢಿಯಂತೆ 'ನೀನು' ಎನ್ನುವುದು ಅವಳಿಗೆ ಅವಮಾನವೆನಿಸಿರಬಹುದೇ? ಮನೆಗೆ ಹೋಗಿ ಕೇಳೋಣವೆಂದರೆ ಒಂಟಿ ಹೆಂಗಸಿನ ಮನೆ. ಅವಳ ಮನಸ್ಸು ತಿಳಿಯಾಗುವವರೆಗೆ ಕಾಯುತ್ತೇನೆ.

ನಿನ್ನಿಂದ ಒಂದು ಸಾಲೂ ಬಂದಿಲ್ಲ.

ಕೇಲಬ್

*

ಥಾರ್ನ್‌ಗಿಲ್
1921, ಹನ್ನೆರಡನೇ ತಿಂಗಳು, 27

ಕೇಲಬ್,

ಮಾರ್ಥಾ ಮೂರು ದಿನದ ಹಿಂದೆ ಬಂದು ಕಟ್ಟು ಕೊಟ್ಟು ಹೋದಳು. ಅಂಚೆಯ ಹೊತ್ತು ಮೀರುತ್ತಿದೆ, ಅದಕ್ಕೆ ಕುಶಲ ಗಿಶಲ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ನೀನು ಹೇಳಿದಂತೆ ನಿನ್ನೆಯ ರೊಟ್ಟಿಯ ತಿರುಳು ತೆಗೆದು ಉಂಡೆ ಮಾಡಿ, ಕಿಟಕಿಯ ಬಳಿ ಕೂತು ಆ ಹಾಳೆಯ ಗೀಚನ್ನು ಒತ್ತಿ ತೆಗೆಯತೊಡಗಿದೆ. ಎರಡು ಗೆರೆ ಹೋದ ಮೇಲೆ ಅದು ಏನೆಂದು ನನಗೆ ಕಂಡಿತು. ಗೀಚಲ್ಲ. ಮಗುವೊಂದು ತನ್ನ ಕೈಯನ್ನು ಹಾಳೆಯ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಎಳೆದಿದೆ. ಆ ಕೈಯೊಳಗೆ ಇನ್ನೂ ಚಿಕ್ಕದೊಂದು ಕೈ. ನಾನು ಆ ಚಿಕ್ಕ ಕೈಯ ಎರಡು ಬೆರಳನ್ನು ರೊಟ್ಟಿಯಿಂದ ಅಳಿಸಿಬಿಟ್ಟಿದ್ದೆ.

ರೊಟ್ಟಿಯನ್ನು ಕೆಳಗಿಟ್ಟು ನಿನ್ನ ಎರಡು ಪತ್ರಗಳನ್ನೂ ತೆಗೆದು ಮತ್ತೆ ಓದಿದೆ. ಸೆರಗು ಹಿಡಿದ ಎರಡು ಮಕ್ಕಳು ಮೊದಲ ಪತ್ರದಲ್ಲಿವೆ. ಆಮೇಲೆ ಎಲ್ಲೂ ಇಲ್ಲ. ಕೇಲಬ್, ಆ ಮಕ್ಕಳು ನಿನ್ನ ಅಡಿಗೆಮನೆಯಲ್ಲಿ ಊಟ ಮಾಡುತ್ತಿವೆಯೇ? ಕಣ್ಣಾರೆ ನೋಡಿದ್ದೀಯಾ? ಪಟ್ಟಿಯಲ್ಲಿ ಅವುಗಳ ಹೆಸರಿದೆಯೇ? ಮಣ್ಣು ತಿನ್ನುವ ಊರಲ್ಲಿ ಒಬ್ಬಳು ತಾಯಿ ವಾರಕ್ಕೊಂದು ಪುಸ್ತಕ ಯಾಕೆ ತಂದಿಡುತ್ತಾಳೆ? ಹೂವಿನ ಬೀಜ ತಿನ್ನಬಹುದೇ ಎಂದು ಕೇಳಿದಳಲ್ಲ, ಅದು ತಮಾಷೆಯಾಗಿರಲಿಲ್ಲ, ದಡ್ಡ. ಮೂವತ್ತು ವರ್ಷ ಪುಸ್ತಕ ಓದಿದ್ದೀ, ಒಂದು ಮುಖ ಓದಲು ಬರಲಿಲ್ಲವೇ?

ಈ ಕಾಗದ ಮುಟ್ಟಿದ ಕೂಡಲೇ ಎದ್ದು ಅವಳ ಮನೆಗೆ ಹೋಗು. ಪ್ರೇರಣೆಗೆ ಕಾಯಬೇಡ. ಬಾಯಿ ಬಿಟ್ಟು ಕೇಳು.

ಟಬಿತಾ

*

ವೆರ್ಬೋವ್ಕಾ
1922, ಒಂದನೇ ತಿಂಗಳು, 29

ಅಕ್ಕ,

ನಿನ್ನ ಪತ್ರ 26ರಂದು ಬಂತು. ನಿಂತಲ್ಲೇ ಓದಿ, ಟೋಪಿ ಕೂಡ ಹಾಕದೆ ಓಡಿದೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಹುಡುಗ ಗ್ಲೆಬ್ ಹೋಗಿ ಹನ್ನೊಂದು ದಿನವಾಗಿತ್ತು. ಐದು ವರ್ಷ. ಕೊಟ್ಟಿಗೆಯಲ್ಲಿ ಮಲಗಿಸಿದ್ದಾಳೆ, ಮೇಲೆ ಶಾಲೆಯ ಭೂಪಟ ಹೊದಿಸಿದ್ದಾಳೆ. ಹೆಣ್ಣುಮಗು ತಾಸ್ಯಾ ಇದೆ. ಏಳು ವರ್ಷ. ಮುಖ, ಕಾಲು ಊದಿಕೊಂಡಿವೆ. ಬೆರಳಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಬಯ್ದಿದ್ದರೆ ಚೆನ್ನಾಗಿತ್ತು. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ಹೇಳಿದಳು:

"ಹೇಳಿದ್ನಲ್ಲ. ಇನ್ನೂರ ನಲವತ್ತು ಹೆಸರನ್ನೂ ಕೇಳಿಸೋ ಹಾಗೆ ಓದಿದೆ. ಅದರಲ್ಲಿ ನನ್ನ ಮಕ್ಕಳದು ಬಂತಾ? ನೀವು ಪಕ್ಕದಲ್ಲೇ ಕೂತಿದ್ರಿ. ಯಾರಿಗಾದ್ರೂ ಬೇಡ ಅನ್ನಿಸಿದ್ಯಾ ಕೇಳು ಅಂದ್ರಿ, ಕೇಳಿದೆ. ನಿನಗೆ ಅನ್ನಿಸಿದ್ಯಾ ಅಂತ ನನ್ನ ಕೇಳಿದ್ರಾ? ಬೇರೆಯವರ ಮಾತು ಹೇಳೋಕೆ ನಿಂತವಳು ನನ್ನ ಮಾತು ಹೇಗೆ ಸೇರಿಸ್ಲಿ?"

ಪುಸ್ತಕಗಳ ವಿಷಯ ಕೇಳಲು ನನಗೆ ಧೈರ್ಯವಿರಲಿಲ್ಲ. ಅವಳೇ ಹೇಳಿದಳು. ಬೇಡಿ ಗೊತ್ತಿಲ್ಲವಂತೆ. ಪುಸ್ತಕ ಬಲ್ಲವನು, ತಂದಿಟ್ಟರೆ ಅರ್ಥ ಮಾಡಿಕೊಳ್ಳುತ್ತಾನೆ ಎಂದುಕೊಂಡಿದ್ದಳಂತೆ. ಒಂದು ಸಾಲದಾಯಿತೇನೋ ಎಂದು ಎರಡನೆಯದು, ಅದೂ ಸಾಲದೆಂದು ಮೂರನೆಯದು. ನಾನು ಎದುರಿಗೆ ಕಣ್ಣು ಮುಚ್ಚಿ ಕೂತಾಗಲೆಲ್ಲ, ಇನ್ನೂ ಒಳ್ಳೆಯದು ಬೇಕೇನೋ ಎಂದು ಮನೆಗೆ ಹೋಗಿ ಕಪಾಟಿನಲ್ಲಿ ಹುಡುಕುತ್ತಿದ್ದಳಂತೆ. ಅಕ್ಕ, ನಾನು ಅದನ್ನು ಧ್ಯಾನವೆಂದು ನಿನಗೆ ಬರೆದಿದ್ದೆ.

ಮಾರನೆಯ ದಿನ ಊರವರನ್ನೆಲ್ಲ ಮತ್ತೆ ಸೇರಿಸಿದೆ. ಈ ಸಲ ಕಣ್ಣು ಮುಚ್ಚಲಿಲ್ಲ. ಒಬ್ಬೊಬ್ಬರೂ ಬಾಯಿ ಬಿಟ್ಟು ಹೇಳಲೇಬೇಕು, ಉಪಾಧ್ಯಾಯಿನಿಯ ಮಕ್ಕಳನ್ನು ಯಾಕೆ ಬಿಟ್ಟಿರಿ ಎಂದೆ. ವಾರ್ವಾರಾ ನನ್ನ ಮಾತನ್ನು ಅವರಿಗೂ ಅವರ ಮಾತನ್ನು ನನಗೂ ಒಂದಕ್ಷರ ಬಿಡದೆ ಹೇಳಿದಳು. ತನ್ನನ್ನು ಆಡಿಕೊಂಡ ಮಾತುಗಳನ್ನೂ ಬಿಡಲಿಲ್ಲ.

ಯೆಫೀಮ್ ಎದ್ದು, ಅವಳು ಸರ್ಕಾರದವಳು, ಪಟ್ಟಣದಿಂದ ಬಂದವಳು, ಸರ್ಕಾರವೇ ಪಡಿ ಕೊಡುತ್ತದೆಂದು ತಿಳಿದಿದ್ದೆವು ಎಂದ. ಆ ಪಡಿ ಬೇಸಿಗೆಯಲ್ಲೇ ನಿಂತಿದೆಯೆಂದು ನಿನಗೆ ಗೊತ್ತಿರಲಿಲ್ಲವೇ ಎಂದರೆ ನೆಲ ನೋಡಿದ. ಹಿಂದಿನಿಂದ ಯಾರೋ, "ಕಪಾಟು ತುಂಬಾ ಪುಸ್ತಕ ಇಟ್ಕೊಂಡೋಳಿಗೆ ಏನ್ ಕಮ್ಮಿ, ಪುಸ್ತಕ ನೆಕ್ಕಲಿ," ಎಂದರು. ಇಬ್ಬರು ನಕ್ಕರು. ಕೊನೆಗೆ ಅಗಾಫ್ಯಾ ಎಂಬ ಅಜ್ಜಿ ಎದ್ದು ನಿಂತಳು. ಅವಳ ಇಬ್ಬರು ಮೊಮ್ಮಕ್ಕಳಲ್ಲಿ ಹುಡುಗ ಸೆನ್ಯಾ ಪಟ್ಟಿಯಲ್ಲಿದ್ದಾನೆ, ಹುಡುಗಿ ಇಲ್ಲ.

"ಏನಪ್ಪಾ, ಅವತ್ತು ನಾವು ಬಾಯಿ ಬಿಟ್ಟಿದ್ರೆ ನಿನ್ನ ಗಂಜಿ ಜಾಸ್ತಿ ಆಗ್ತಿತ್ತಾ?" ಎಂದಳು. "ಗೊತ್ತಿತ್ತು ನಮಗೆ. ಎಲ್ಲಾರಿಗೂ ಗೊತ್ತಿತ್ತು. ಅವಳ ಎರಡು ಮಕ್ಕಳು ಒಳಗೆ ಬಂದ್ರೆ ನಮ್ಮವು ಎರಡು ಹೊರಗೆ. ನನ್ನ ಮನೇಲೇ ಒಂದನ್ನ ಒಳಗೆ ಹಾಕಿ ಒಂದನ್ನ ಬಿಟ್ಟಿದೀನಿ. ಈಗ ಯಾರದ್ದು ತೆಗೀಬೇಕು ಹೇಳು, ನೀನೇ ಹೇಳು. ಸುಮ್ಮನೆ ಕೂತಿದ್ವಿ ಅಂತ ಬೈಬೇಡ. ಸುಮ್ಮನೆ ಕೂರೋದು ಸುಲಭ ಅನ್ಕೊಂಡ್ಯಾ?"

ಇನ್ನೂರ ನಲವತ್ತರಲ್ಲಿ ಒಂದನ್ನೂ ತೆಗೆಯಲು ನನ್ನಿಂದಾಗಲಿಲ್ಲ. ಅತ್ತ ದರಿ, ಇತ್ತ ಪುಲಿ. ನಾನು ಬರೆದ ಠರಾವು ಸುಳ್ಳೆಂದು ಅಳುತ್ತ ಬಂದವನಿಗೆ ಅದು ಸುಳ್ಳಲ್ಲವೆಂದು ತಿಳಿಯಿತು. ಅವರು ನಿಜವಾಗಿಯೂ ಒಂದೇ ಮನಸ್ಸಿನವರಾಗಿದ್ದರು.

ಬುಝುಲುಕ್‌ಗೆ ಇನ್ನಷ್ಟು ಕಳಿಸಿ ಎಂದು ಬರೆದಿದ್ದೇನೆ. ರೈಲು ಹಿಮದಲ್ಲಿ ಹೂತುಕೊಂಡಿದೆಯಂತೆ.

ಕೇಲಬ್

*

ವೆರ್ಬೋವ್ಕಾ
1922, ಎರಡನೇ ತಿಂಗಳು, 12

ಅಕ್ಕ,

ಇದನ್ನು ಸಭೆಯಲ್ಲಿ ಓದಬೇಡ. ನಿನಗೆ ಮಾತ್ರ.

ನನ್ನ ಪಾಲಿನ ಊಟದಲ್ಲಿ ಅರ್ಧವನ್ನು ತಾಸ್ಯಾಗೆ ಕೊಡುತ್ತಿದ್ದೇನೆ. ಹಾಗೆ ಕೊಡಬಾರದೆಂಬ ನಿಯಮವಿದೆ, ಕೊಟ್ಟ ಇಬ್ಬರು ಕೆಲಸಗಾರರು ಕಳೆದ ತಿಂಗಳು ಜ್ವರಕ್ಕೆ ಸಿಕ್ಕಿ ಮಲಗಿದರು. ಆದರೆ ನನ್ನದು ಒಣ ಬಿಸ್ಕತ್ತು, ಡಬ್ಬಿಯ ಮಾಂಸ. ಮಗುವಿನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅವಳಿಗೆ ಬೇಕಾದದ್ದು ಹಾಲು ಹಾಕಿದ ಗಂಜಿ. ಅದು ಪಟ್ಟಿಯಲ್ಲಿರುವವರಿಗೆ, ಅದನ್ನು ನಾನೇ ದಿನಾ ಎದುರು ನಿಂತು ಬಡಿಸುತ್ತೇನೆ.

ಪಟ್ಟಿಯಲ್ಲಿ ಜಾಗ ಖಾಲಿಯಾಗುವುದು ಒಂದೇ ರೀತಿಯಲ್ಲಿ. ಬೆಳಿಗ್ಗೆ ಮಕ್ಕಳು ಸಾಲಾಗಿ ಬರುತ್ತವೆ, ನಾನು ಬಾಗಿಲಲ್ಲಿ ನಿಂತು ಎಣಿಸುತ್ತೇನೆ. ಇನ್ನೂರ ನಲವತ್ತಾದಾಗ ನನ್ನ ಎದೆ ಕುಸಿಯುತ್ತದೆ. ಹೌದು, ಸರಿಯಾಗಿಯೇ ಓದಿದ್ದೀ. ಎಲ್ಲ ಮಕ್ಕಳೂ ಬದುಕಿ ಬಂದವೆಂದು ಎದೆ ಕುಸಿಯುತ್ತದೆ. ಇದಕ್ಕಾಗಿಯೇ ನಾನು ಎರಡು ಸಾವಿರ ಮೈಲಿ ಬಂದದ್ದು.

ಮೊನ್ನೆ ಇನ್ನೂರ ಮೂವತ್ತೊಂಬತ್ತಾಯಿತು. ಅಗಾಫ್ಯಾ ಅಜ್ಜಿಯ ಸೆನ್ಯಾ. ಸುದ್ದಿ ಕೇಳಿದಾಗ ಮೊದಲು ನನಗೆ ಆದದ್ದು ಸಂತೋಷ. ದುಃಖ ಆಮೇಲೆ ಬಂತು, ನಾಚಿಕೆ ಅದಕ್ಕೂ ಆಮೇಲೆ. ಅಜ್ಜಿ ಹುಡುಗನ ಬಟ್ಟಲನ್ನು ತೊಳೆದು ತಂದು ಒಪ್ಪಿಸುವ ಹೊತ್ತಿಗೆ ನಾನು ತಾಸ್ಯಾಳ ಹೆಸರನ್ನು ಬರೆದಾಗಿತ್ತು. ಶಾಯಿ ಆರಿರಲಿಲ್ಲ. ಅಜ್ಜಿ ಅದನ್ನು ನೋಡಿದಳು. ಅವಳಿಗೆ ಓದಲು ಬರುವುದಿಲ್ಲ, ಆದರೆ ಗೊತ್ತಾಯಿತು.

ತಾಸ್ಯಾ ಈಗ ಮೂರನೇ ಬೆಂಚಿನಲ್ಲಿ ಕೂತು ಉಣ್ಣುತ್ತಾಳೆ. ಇವತ್ತು ಬಟ್ಟಲನ್ನು ನೆಕ್ಕಿದಳು.

ಕೇಲಬ್

*

ಥಾರ್ನ್‌ಗಿಲ್
1922, ಮೂರನೇ ತಿಂಗಳು, 5

ನನ್ನ ತಮ್ಮಾ,

29ರ ಕಾಗದ ನಿನ್ನೆ ಬಂತು. ಗ್ಲೆಬ್‌ನ ಹೆಸರು ಓದಿದ ಮೇಲೆ ಮುಂದಕ್ಕೆ ಹೋಗಲು ಬಹಳ ಹೊತ್ತು ಹಿಡಿಯಿತು. ನಾನು ಅಳಿಸಿದ ಎರಡು ಬೆರಳು ಅವನವೇ ತಾನೆ.

ದಡ್ಡ ಎಂದು ಬರೆದೆನಲ್ಲ, ಆ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ನಿನಗಿಂತ ನಾನೇನು ಹೆಚ್ಚು? ಒಂದು ವಿಷಯ ನಿನಗೆ ಹೇಳಿಲ್ಲ. ಕಳೆದ ಬೇಸಿಗೆಯಲ್ಲಿ ನಿನ್ನನ್ನು ರಷ್ಯಾಕ್ಕೆ ಕಳಿಸುವ ಠರಾವು ಸಭೆಯ ಮುಂದೆ ಬಂದಾಗ ಎಲ್ಲರೂ ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಎಲ್ಲರೂ ಒಂದೇ ಮನಸ್ಸಿನವರಾಗಿದ್ದಾರೆ ಎಂದು ಬರೆದುಕೊಂಡರು. ನಾನು ಆಗಿರಲಿಲ್ಲ. ಬೇಡ, ಕಳಿಸಬೇಡಿ, ಅವನ ಎದೆ ಗಟ್ಟಿಯಿಲ್ಲ, ಅವನು ಹೋದರೆ ಈ ಮನೆಯಲ್ಲಿ ನನ್ನೊಡನೆ ಮಾತಾಡುವವರಿಲ್ಲ ಎಂದು ಗಂಟಲವರೆಗೆ ಬಂದಿತ್ತು. ಹಸಿದ ಮಕ್ಕಳ ಎದುರು ಮಂಡಿನೋವಿನ ಮುದುಕಿ ಹೀಗೆಲ್ಲ ಹೇಳಿದರೆ ನಾಚಿಕೆಗೇಡು ಎಂದು ನುಂಗಿಕೊಂಡೆ. ನೀನು ನನ್ನ ಕಡೆ ನೋಡಿದೆ. ನಾನು ತಲೆ ತಗ್ಗಿಸಿದ್ದನ್ನು ನೀನು ಹೂಂ ಎಂದುಕೊಂಡೆ. ಆವತ್ತು ನಾನು ಬಾಯಿ ಬಿಟ್ಟಿದ್ದರೆ ಯಾರಾದರೂ ಬದುಕುತ್ತಿದ್ದರೆಂದು ನಾನು ಹೇಳುತ್ತಿಲ್ಲ. ನಿನಗೆ ತಿಳಿದಿರಲಿ ಎಂದು ಹೇಳಿದೆ.

ಆ ಎರಡು ಪುಸ್ತಕಗಳನ್ನು ಬುಝುಲುಕ್‌ಗೆ ಹೊರಟಿರುವ ಹೊಸ ಕೆಲಸಗಾರನ ಕೈಯಲ್ಲಿ ಈ ಪತ್ರದ ಜೊತೆ ಕಳಿಸಿದ್ದೇನೆ. ಅವು ಆ ತಾಯಿಯವು. ಅಳಿಸಿದ ಎರಡು ಬೆರಳನ್ನು ಪೆನ್ಸಿಲಿನಲ್ಲಿ ತಿದ್ದೋಣವೆಂದು ಕೂತೆ, ಆದರೆ ಅದು ನನ್ನ ಗೆರೆಯಾಗುತ್ತದೆ, ಮಗುವಿನದಾಗುವುದಿಲ್ಲ. ಹಾಗೇ ಬಿಟ್ಟಿದ್ದೇನೆ. ನನ್ನ ತಪ್ಪೆಂದು ಅವಳಿಗೆ ಹೇಳು.

ತಾಸ್ಯಾ ಹೇಗಿದ್ದಾಳೆ? ಪಟ್ಟಿಗೆ ಸೇರಿದಳೇ? ಬೇರೇನೂ ಬರೆಯದಿದ್ದರೂ ಇದೊಂದನ್ನು ಬರೆ. ಆಮೇಲೆ ಬಾ ಮನೆಗೆ. ಈ ಸಲ ಬಾಯಿ ಬಿಟ್ಟು ಹೇಳುತ್ತಿದ್ದೇನೆ, ಬಾ.

ಟಬಿತಾ

*

ವೆರ್ಬೋವ್ಕಾ
1922, ನಾಲ್ಕನೇ ತಿಂಗಳು, 9

ಅಕ್ಕ,

ಎರಡು ತಿಂಗಳು ನಿನಗೆ ಬರೆಯಲಿಲ್ಲ. ಹುಷಾರಾಗಿಯೇ ಇದ್ದೆ, ಕೈ ಬರಲಿಲ್ಲ. ನಿನ್ನ ಪತ್ರ, ಪುಸ್ತಕ ಎರಡೂ ಮೊನ್ನೆ ಮುಟ್ಟಿದವು.

ಪುಸ್ತಕಗಳನ್ನು ಬಿಚ್ಚುವ ಮೊದಲೇ ವಾರ್ವಾರಾಳನ್ನು ಕರೆದು, ನನ್ನ ಅಕ್ಕ ನಿನಗೆ ವಾಪಸು ಕಳಿಸಿದ್ದಾಳೆ ಎಂದೆ. ಅವಳು ಕಟ್ಟಿನ ಕಡೆ ನೋಡಿ, "ಯಾರಿಗೆ?" ಎಂದಳು. ನಿನಗೆ, ಮಕ್ಕಳ ಕೈ ಇದೆ ಅದರಲ್ಲಿ ಎಂದೆ. ಆ ಹಾಳೆಯನ್ನು ತೆರೆದು ನೋಡಿದಳು. ಬೆರಳು ಅಳಿಸಿದವಳು ತಾನೆಂದು ಅಕ್ಕ ಹೇಳಿದ್ದಾಳೆ, ಕ್ಷಮಿಸಬೇಕಂತೆ ಎಂದೆ. ತಲೆ ಆಡಿಸಿದಳು. ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ತಿಳಿದವನಂತೆ ನಿನಗೆ ಬರೆಯಲಾರೆ. ಪುಸ್ತಕ ಮುಚ್ಚಿ ಎದೆಗೊತ್ತಿಕೊಂಡು ಹೋದಳು.

ನೀನು ಕೇಳಿದ್ದಕ್ಕೆ ಉತ್ತರ: ತಾಸ್ಯಾ ಪಟ್ಟಿ ಸೇರಿದಳು, ಇಪ್ಪತ್ತೇಳು ದಿನ ಉಂಡಳು. ಊತ ಇಳಿಯಿತು. ಒಂದು ದಿನ ನನಗೆ ರಷ್ಯದ ಒಂದು ಬೈಗುಳ ಕಲಿಸಿ, ನಾನು ತಪ್ಪಾಗಿ ಹೇಳಿದ್ದಕ್ಕೆ ಬಿದ್ದು ಬಿದ್ದು ನಕ್ಕಳು. ಇಪ್ಪತ್ತೆಂಟನೆಯ ದಿನ ಜ್ವರ ಬಂತು. ಹೇನಿನಿಂದ ಬರುವ ಜ್ವರ. ಅಷ್ಟು ಮಕ್ಕಳು ಒಂದೇ ಬೆಂಚಿನಲ್ಲಿ ಮೈಗೆ ಮೈ ಒತ್ತಿ ಕೂರುವುದು ನನ್ನ ಅಡಿಗೆಮನೆಯಲ್ಲಿ ಮಾತ್ರ, ಅಲ್ಲಿಂದಲೇ ಹತ್ತಿದ್ದು. ಮನೆಯಲ್ಲೇ ಇದ್ದಿದ್ದರೆ ಹಸಿವಿನಿಂದ ಹೋಗುತ್ತಿದ್ದಳು, ಇಲ್ಲಿ ಬಂದದ್ದರಿಂದ ಜ್ವರದಿಂದ ಹೋದಳು. ನಾನು ಮಾಡಿದ್ದಿಷ್ಟು. ಮೂರನೇ ತಿಂಗಳ 19ರಂದು, ಮಧ್ಯಾಹ್ನ. ಅಷ್ಟರಲ್ಲಿ ನೆಲ ಮೆತ್ತಗಾಗಿತ್ತು. ಇಬ್ಬರನ್ನೂ ಒಟ್ಟಿಗೇ ಮಣ್ಣು ಮಾಡಿದೆವು.

ಮಣ್ಣು ಕೊಟ್ಟು ಬಂದರೆ ಶಾಲೆಯ ಬಾಗಿಲಲ್ಲಿ ಹನ್ನೊಂದು ಜನ ತಾಯಂದಿರು ನಿಂತಿದ್ದರು. ಜಾಗ ಖಾಲಿಯಾಯಿತಲ್ಲ. ಅವರಿಗೆ ಈಗ ನನ್ನ ಮುಂದೆ ಸಂಕೋಚವಿಲ್ಲ. ಬಾಯಿ ಬಿಟ್ಟು ಹೇಳಿ ಎಂದು ನಾನೇ ಕಲಿಸಿದ್ದೇನೆ. ಒಬ್ಬೊಬ್ಬಳೂ ತನ್ನ ಮಗುವಿನ ಹೆಸರು, ವಯಸ್ಸು, ಎಷ್ಟು ದಿನವಾಯಿತು ಉಂಡು ಎಂದು ಹೇಳಿದಳು. ವಾರ್ವಾರಾ ಕೈಯಲ್ಲಿ ಇನ್ನೂ ಮಣ್ಣು ಮೆತ್ತಿಕೊಂಡೇ ನನ್ನ ಪಕ್ಕ ನಿಂತು ಹನ್ನೊಂದನ್ನೂ ನನಗೆ ಇಂಗ್ಲಿಷಿನಲ್ಲಿ ಹೇಳಿದಳು. ನೀನೇ ಒಂದು ಹೆಸರು ಹೇಳು, ಈ ಜಾಗ ನಿನ್ನ ಮಗಳದು ಎಂದು ನಾನು ಬೇಡಿಕೊಂಡೆ. ನಾನು ಹಾಗೆ ಕೇಳಬಾರದಿತ್ತು.

"ನಾನು ಬರೀ ಮಾತು ದಾಟಿಸೋಳು, ಕೇಲಬ್ ಒಸಿಪೊವಿಚ್," ಎಂದು ಇಲ್ಲಿನ ರೂಢಿಯಂತೆ ನಮ್ಮ ಅಪ್ಪನ ಹೆಸರು ಸೇರಿಸಿ ಹೇಳಿದಳು. "ಬರೆಯೋರು ನೀವು."

ಅಗಾಫ್ಯಾ ಅಜ್ಜಿಯ ಮೊಮ್ಮಗಳ ಹೆಸರನ್ನು ಬರೆದೆ. ಉಳಿದ ಹತ್ತು ಜನ ಬಯ್ಯಲಿಲ್ಲ, ಅಳಲಿಲ್ಲ. ಒಬ್ಬಳು ನನ್ನ ಕೈಗೆ ಮುತ್ತಿಟ್ಟು, ಮುಂದಿನ ಸಲ ನೆನಪಿಟ್ಟುಕೋ ಎಂದು ಹೇಳಿಹೋದಳು. ಅವಳ ಮಗು ಮುಂದಿನ ಸಲದವರೆಗೆ ಉಳಿಯಲಿಲ್ಲ.

ಮನೆಗೆ ಬಾ ಎಂದು ಬರೆದಿದ್ದೀ. ನನಗೆ ಬರಬೇಕೆಂದಿದೆ ಅಕ್ಕ, ಅದನ್ನು ಮುಚ್ಚಿಡುವುದಿಲ್ಲ. ಸುಗ್ಗಿಗೆ ಇನ್ನೂ ನಾಲ್ಕು ತಿಂಗಳಿದೆ, ಬಿತ್ತನೆಯ ಬೀಜವನ್ನು ಊರವರು ಚಳಿಗಾಲದಲ್ಲೇ ತಿಂದಿದ್ದಾರೆ, ಆದ್ದರಿಂದ ಸುಗ್ಗಿಯೂ ಇಲ್ಲ. ನಿನ್ನೆ ಸಂಜೆ ಪಟ್ಟಿಯಲ್ಲಿ ಮತ್ತೊಂದು ಜಾಗ ಖಾಲಿಯಾಯಿತು. ನಾನು ಯಾರಿಗೂ ಹೇಳಿಲ್ಲ, ಆದರೂ ಬೆಳಗಾಗುವ ಹೊತ್ತಿಗೆ ಹದಿನಾರು ಜನ ಬಂದಿದ್ದಾರೆ. ವಾರ್ವಾರಾ ಹೊರಗಿನಿಂದ ಕರೆಯುತ್ತಿದ್ದಾಳೆ. ಪಟ್ಟಿ ಹಿಡಿದುಕೊಂಡು ಹೋಗಬೇಕು.

ಕೇಲಬ್